ಆದಾನ-ನಿಕ್ಷೇಪಣ ಸಮಿತಿಯೂ ಹಾಸಿಗೆಯ ಬಳಿಯ ಪಿಸ್ತೂಲೂ

ಅಹಿಂಸಾವ್ರತವು ದೃಢವಾಗಲೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಭಾವನೆಗಳನ್ನು ಹೇಳಿದ್ದಾರೆ. ವಚನಗುಪ್ತಿ, ಮನೋಗುಪ್ತಿ, ಈರ್ಯಾಸಮಿತಿ, ಆದಾನ-ನಿಕ್ಷೇಪಣ ಸಮಿತಿ ಮತ್ತು ಆಲೋಕಿತ ಪಾನಭೋಜನ ಎಂಬುವೇ ಆ ಐದು. ಇವುಗಳಲ್ಲಿ ಕೊನೆಯದನ್ನು ಜೈನ ಮನೆತನಗಳು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿವೆ. ಬೆಳಕಿನಲ್ಲಿ ನೋಡಿ ಉಣ್ಣುವುದು, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವುದು ಜೈನನ ಗುರುತೇ ಆಗಿದೆ. ಆದರೆ ಅದರ ಪಕ್ಕದಲ್ಲಿಯೇ ಇರುವ ನಾಲ್ಕನೆಯ ಭಾವನೆ, ಎಂದರೆ ವಸ್ತುವನ್ನು ಎತ್ತಿಕೊಳ್ಳುವಾಗಲೂ ಇಡುವಾಗಲೂ ನೋಡಿ ಎಚ್ಚರದಿಂದ ವರ್ತಿಸಬೇಕೆಂಬುದು, ಮುನಿಗಳ ಪಿಂಛಿ-ಕಮಂಡಲುಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಶ್ರಾವಕರು ಬಗೆದು ಕೈಬಿಟ್ಟಿದ್ದಾರೆ. ಕೈಬಿಟ್ಟುದರ ಫಲ ಎಲ್ಲಿಯವರೆಗೆ ಬಂದಿದೆಯೆಂಬುದಕ್ಕೆ ಒಂದು ಪ್ರಶ್ನೆಯೇ ಸಾಕ್ಷಿ: ಮಲಗುವ ಕೋಣೆಯಲ್ಲಿ ಪಿಸ್ತೂಲು ಇಡುವುದಕ್ಕೆ ಯಾವ ಪೆಟ್ಟಿಗೆ ಒಳ್ಳೆಯದು? ಯಾವುದು ಬೇಗ ತೆರೆಯುತ್ತದೆ?

ಈ ಪ್ರಶ್ನೆ ಹುಟ್ಟಿದ್ದು ಅಮೆರಿಕದಲ್ಲಿ. ಆ ದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಬಂದೂಕಿರುವ ಮನೆಯಲ್ಲಿ ವಾಸಿಸುತ್ತಾರೆಂದೂ, ಬಂದೂಕು ಹೊಂದಿದವರಲ್ಲಿ ನೂರಕ್ಕೆ 72 ಮಂದಿ ಆತ್ಮರಕ್ಷಣೆ ಒಂದು ಮುಖ್ಯ ಕಾರಣವೆಂದು ಹೇಳುತ್ತಾರೆಂದೂ ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆ ತಿಳಿಸುತ್ತದೆ. ಮನೆಯಲ್ಲಿರುವ ಬಂದೂಕನ್ನು ಬಿಚ್ಚಿಟ್ಟಿರಬೇಕು ಇಲ್ಲವೇ ಬೀಗ ಹಾಕಿಟ್ಟಿರಬೇಕು ಎಂದು ರಾಜಧಾನಿ ವಾಷಿಂಗ್ಟನ್ ಮಾಡಿದ್ದ ನಿಯಮವನ್ನು 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ತಳ್ಳಿಹಾಕಿತು. ಅಂಥ ನಾಡಿನಲ್ಲಿ ನೆಲೆಸಿದ ಜೈನ ಕುಟುಂಬಗಳು ನೆರೆಹೊರೆಯವರ ಭಯವನ್ನೂ ಅವರ ಪರಿಹಾರವನ್ನೂ ಒಟ್ಟಿಗೆ ಸ್ವೀಕರಿಸುವುದು ಸಹಜ. ಕರ್ನಾಟಕದಿಂದ ಹೋದವರೂ ಇದಕ್ಕೆ ಹೊರತಲ್ಲ. ಸಹಜವಾದುದೆಲ್ಲ ಧರ್ಮ್ಯವಾಗುವುದಿಲ್ಲ ಎಂಬುದನ್ನು ಮಾತ್ರ ಇಲ್ಲಿ ವಿವೇಚಿಸಬೇಕಾಗಿದೆ.

ಪೆಟ್ಟಿಗೆಯ ಗುಣದೋಷ

ಮೊದಲು ವಸ್ತುವನ್ನೇ ಪರೀಕ್ಷಿಸುವುದು ನ್ಯಾಯ. ಈ ಪೆಟ್ಟಿಗೆ ದಪ್ಪ ಪುಸ್ತಕದಷ್ಟು ಗಾತ್ರದ ಒಂದು ಉಕ್ಕಿನ ಡಬ್ಬಿ. ಮಂಚದ ಪಕ್ಕದ ಮೇಜಿನ ಮೇಲೋ ಡ್ರಾಯರಿನೊಳಗೋ ಹಿಡಿಯುತ್ತದೆ. ಬೆರಳಚ್ಚು, ಸಂಖ್ಯೆಯ ಗುಂಡಿಗಳು, ಇಲ್ಲವೇ ಹತ್ತಿರ ಹಿಡಿದರೆ ಸಾಕಾಗುವ ಒಂದು ಬಿಲ್ಲೆ, ಇವುಗಳಿಂದ ಎರಡು ಮೂರು ಸೆಕೆಂಡುಗಳಲ್ಲಿ ತೆರೆದುಕೊಳ್ಳುತ್ತದೆ. ಬ್ಯಾಟರಿ ಮುಗಿದಾಗ ಬೇಕೆಂದು ಒಂದು ಕೀಲಿಕೈಯೂ ಇರುತ್ತದೆ. ಒಳಗೆ ಗುಂಡು ತುಂಬಿದ ಪಿಸ್ತೂಲು. ಮಕ್ಕಳ ಕೈಗೆ ಸಿಗಬಾರದು, ಯಜಮಾನನ ಕೈಗೆ ಕ್ಷಣದಲ್ಲಿ ಸಿಗಬೇಕು ಎಂಬ ಎರಡು ಮಾತು ಕೊಟ್ಟು ಅದನ್ನು ಮಾರುತ್ತಾರೆ.

ವ್ಯಾಪಾರ ಬಲ್ಲವರಿಗೆ ಗೊತ್ತು, ಒಂದಕ್ಕೊಂದು ವಿರುದ್ಧವಾದ ಎರಡು ಭರವಸೆಗಳನ್ನು ಒಂದೇ ಸರಕಿನ ಮೇಲೆ ಕೊಟ್ಟವನು ಎರಡರಲ್ಲೊಂದನ್ನು ಮುರಿಯಲೇಬೇಕಾಗುತ್ತದೆ. 2012ರಲ್ಲಿ ಅಮೆರಿಕದ ಬೀಗತಜ್ಞರು ಇಂಥ ಹಲವು ಸಣ್ಣ ಪೆಟ್ಟಿಗೆಗಳನ್ನು ಪರೀಕ್ಷಿಸಿ, ಕೆಲವನ್ನು ಎತ್ತಿ ಕುಕ್ಕಿದರೆ, ಕೆಲವನ್ನು ತಂತಿಯ ತುಂಡಿನಿಂದ ಮೀಟಿದರೆ ತೆರೆಯಬಹುದೆಂದು ತೋರಿಸಿದರು; ಮೂರು ವರ್ಷದ ಮಗುವೂ ಕೆಲವನ್ನು ತೆರೆಯಿತು. 2023ರ ಅಕ್ಟೋಬರಿನಲ್ಲಿ ಆ ದೇಶದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಬೆರಳಚ್ಚಿನಿಂದ ತೆರೆಯುವ ಸುಮಾರು 61,000 ಪೆಟ್ಟಿಗೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿತು. ದಾಖಲಾಗದ ಬೆರಳಿಗೂ ಅವು ತೆರೆದುಕೊಳ್ಳುತ್ತಿದ್ದವು. ಅಂಥ 39 ದೂರುಗಳು ಬಂದಿದ್ದವು. 12 ವರ್ಷದ ಬಾಲಕನೊಬ್ಬನ ಸಾವಿನ ಬಗ್ಗೆ ಮೊಕದ್ದಮೆಯೂ ಹೂಡಲ್ಪಟ್ಟಿತ್ತು. 2024ರ ಆರಂಭದಲ್ಲಿ ಬೇರೆ ತಯಾರಕರ 1,20,000ಕ್ಕೂ ಹೆಚ್ಚು ಪೆಟ್ಟಿಗೆಗಳಿಗೆ ಅದೇ ಗತಿಯಾಯಿತು. ತಂದೆಯ ಬೆರಳನ್ನು ಮಗನ ಬೆರಳಿನಿಂದ ಬೇರ್ಪಡಿಸಲಾರದ ಯಂತ್ರದ ಮೇಲೆ ಮನೆಯ ಅಹಿಂಸೆಯನ್ನು ನಿಲ್ಲಿಸಿ ಮಲಗಿದವರು ಎಷ್ಟು ಸಾವಿರ ಮಂದಿ!

ವಿರೋಧಿ ಹಿಂಸೆಯೆಂಬ ಆಸರೆ

ಪೆಟ್ಟಿಗೆಯನ್ನು ಸಮರ್ಥಿಸುವವರು ಶಾಸ್ತ್ರವನ್ನೂ ಬಲ್ಲವರೇ. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹಿಂಸೆ ನಾಲ್ಕು ಬಗೆ. ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕಾದುದು ಸಂಕಲ್ಪಿ ಹಿಂಸೆಯನ್ನು ಮಾತ್ರ. ಆಕ್ರಮಣಕಾರನಿಂದ ಮಡದಿ ಮಕ್ಕಳನ್ನು ರಕ್ಷಿಸುವ ವಿರೋಧಿ ಹಿಂಸೆ ಅಣುವ್ರತಿಗೆ ನಿಷಿದ್ಧವಲ್ಲ ಎಂದು ಅವರು ವಾದಿಸುತ್ತಾರೆ. ಕಳ್ಳನು ಮನೆಗೆ ನುಗ್ಗಿದಾಗ ಜೈನನು ಕೈಕಟ್ಟಿ ನಿಲ್ಲಬೇಕೆ ಎಂದು ಕೇಳುತ್ತಾರೆ.

ನಿಲ್ಲಬೇಕಾಗಿಲ್ಲ. ಶ್ರಾವಕಧರ್ಮವು ಹೇಡಿತನವನ್ನು ಎಂದೂ ಬೋಧಿಸಿಲ್ಲ. ಆದರೆ ವಿರೋಧಿ ಹಿಂಸೆಯೆಂಬುದು ಎದುರಿಗೆ ಬಂದು ನಿಂತ ಆಕ್ರಮಣಕ್ಕೆ ಬೇರೆ ದಾರಿಯಿಲ್ಲದೆ ಒಡ್ಡುವ ಪ್ರತಿರೋಧ. ಅದು ಒಂದು ಘಟನೆ. ಹಾಸಿಗೆಯ ಬಳಿಯ ತುಂಬಿದ ಪಿಸ್ತೂಲಾದರೋ ಘಟನೆಯಲ್ಲ, ಅದೊಂದು ವ್ಯವಸ್ಥೆ. ಒಂದು ವರ್ಷಕ್ಕೆ 365 ರಾತ್ರಿ, ಹತ್ತು ವರ್ಷಕ್ಕೆ 3,650 ರಾತ್ರಿ ಮನೆಯವನು ಕೊಲ್ಲುವ ಸಾಧನವನ್ನು ಕೈಯಳತೆಯಲ್ಲಿಟ್ಟುಕೊಂಡು, ಅದನ್ನು ಎತ್ತುವ ಕ್ಷಣವನ್ನು ಮನಸ್ಸಿನಲ್ಲಿ ನಡೆಸಿ ನೋಡುತ್ತ ಮಲಗುತ್ತಾನೆ. ಕಳ್ಳನು ಒಮ್ಮೆಯೂ ಬಾರದಿರಬಹುದು. ಭಾವಹಿಂಸೆ ಮಾತ್ರ ಪ್ರತಿ ರಾತ್ರಿಯೂ ಬಂದಿರುತ್ತದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ರೌದ್ರಧ್ಯಾನಕ್ಕೆ ಹೇಳಿದ ನಾಲ್ಕು ಕಾರಣಗಳಲ್ಲಿ ಹಿಂಸೆ ಮೊದಲನೆಯದು, ವಿಷಯಸಂರಕ್ಷಣೆ ಕೊನೆಯದು. ಕೂಡಿಟ್ಟುದನ್ನು ಕಾಯುವ ಚಿಂತೆಯೇ ರೌದ್ರವಾಗಬಲ್ಲದೆಂದು ಆಚಾರ್ಯರು ಕಂಡಿದ್ದರು. ಈ ಪೆಟ್ಟಿಗೆಯಲ್ಲಿ ಆ ಮೊದಲನೆಯದೂ ಕೊನೆಯದೂ ಒಟ್ಟಿಗೆ ವಾಸಿಸುತ್ತವೆ.

ವಸ್ತುವಿನಲ್ಲಿ ಹಿಂಸೆಯಿಲ್ಲ, ಬಳಸುವವನ ಮನಸ್ಸಿನಲ್ಲಿದೆ ಎಂಬುದು ಇನ್ನೊಂದು ವಾದ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಾದವನ್ನು ಮೊದಲೇ ಊಹಿಸಿ ಉತ್ತರ ಕೊಟ್ಟಿದ್ದಾರೆ. ಹೊರಗಿನ ವಸ್ತುವಿನಿಂದ ಸೂಕ್ಷ್ಮ ಹಿಂಸೆಯೂ ಉಂಟಾಗದೆಂದು ಒಪ್ಪಿಕೊಂಡೇ, ಪರಿಣಾಮಶುದ್ಧಿಗಾಗಿ ಹಿಂಸೆಯ ನೆಲೆಗಳಿಂದ, ಅಂದರೆ ಹಿಂಸಾಯತನಗಳಿಂದ, ದೂರವಿರಲೇಬೇಕೆಂದು ಅವರು ವಿಧಿಸುತ್ತಾರೆ. ಮನುಷ್ಯನನ್ನು ಕೊಲ್ಲುವುದಕ್ಕೆಂದೇ ರಚಿತವಾದ ಯಂತ್ರಕ್ಕಿಂತ ಸ್ಪಷ್ಟವಾದ ಹಿಂಸಾಯತನ ಯಾವುದಿದ್ದೀತು? ಚಾಕುವಿನಿಂದ ತರಕಾರಿ ಹೆಚ್ಚಬಹುದು, ಕೊಡಲಿಯಿಂದ ಸೌದೆ ಒಡೆಯಬಹುದು. ಮಂಚದ ಬಳಿಯ ಪಿಸ್ತೂಲಿಗೆ ಎರಡನೆಯ ಉಪಯೋಗವಿಲ್ಲ.

ಚಾವುಂಡರಾಯನ ಹೆಸರೂ ಈ ವಾದದಲ್ಲಿ ಬಂದೇ ಬರುತ್ತದೆ. ಗಂಗರ ದಂಡನಾಯಕನಾಗಿ ಯುದ್ಧ ಮಾಡಿದವನೇ ಗೊಮ್ಮಟೇಶ್ವರನನ್ನು ನಿಲ್ಲಿಸಲಿಲ್ಲವೆ ಎಂದು ಕೇಳುತ್ತಾರೆ. ನಿಜ. ಆದರೆ ಅವನು ರಾಜ್ಯದ ಸೇವೆಯಲ್ಲಿ, ರಣರಂಗದಲ್ಲಿ, ಆಯುಧಪಾಣಿಯಾದ ಶತ್ರುವಿನೆದುರು ಶಸ್ತ್ರ ಹಿಡಿದನು. ಅಷ್ಟು ಯುದ್ಧಗಳನ್ನು ಗೆದ್ದವನು ವಿಂಧ್ಯಗಿರಿಯ ಮೇಲೆ ಯಾರ ಮೂರ್ತಿಯನ್ನು ಕಡೆಸಿದನೆಂಬುದನ್ನು ಅವನ ಹೆಸರೆತ್ತುವವರು ಮರೆಯುತ್ತಾರೆ.

ನೆನೆದೊಡನೆ ಕೈಗೆ ಬಂದ ಚಕ್ರ

ಭರತ-ಬಾಹುಬಲಿಯರ ಕಥೆಯನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಸೈನ್ಯಗಳ ಸಂಹಾರವಾಗದಿರಲೆಂದು ಮಂತ್ರಿಗಳು ಅಣ್ಣತಮ್ಮಂದಿರಿಗೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಮೂರರಲ್ಲಿಯೂ ಭರತನು ಸೋತನು. ಸೋತ ಆ ಗಳಿಗೆಯಲ್ಲಿ ಅವನು ಚಕ್ರರತ್ನವನ್ನು ನೆನೆದನು. ನೆನೆದೊಡನೆ ಅದು ಕೈಗೆ ಬಂದಿತು. ಬಂದೊಡನೆ ಒಡಹುಟ್ಟಿದವನ ಮೇಲೆಯೇ ಅದನ್ನು ಪ್ರಯೋಗಿಸಿದನು.

ಈ ಪ್ರಸಂಗವನ್ನು ಬಾಹುಬಲಿಯ ವೈರಾಗ್ಯಕ್ಕಾಗಿ ಮಾತ್ರ ಓದುವುದು ವಾಡಿಕೆ. ಭರತನ ಕಡೆಯಿಂದಲೂ ಅದನ್ನು ಓದಬೇಕು. ಅವನು ದುಷ್ಟನಲ್ಲ, ಆದಿತೀರ್ಥಂಕರರ ಮಗ, ಅದೇ ಜನ್ಮದಲ್ಲಿ ಮೋಕ್ಷ ಪಡೆಯಲಿದ್ದ ಚರಮಶರೀರಿ. ಅಂಥವನೂ ಕಷಾಯದ ಒಂದು ಗಳಿಗೆಯಲ್ಲಿ, ಆಯುಧವು ಕೈಯಳತೆಯಲ್ಲಿತ್ತೆಂಬ ಒಂದೇ ಕಾರಣದಿಂದ, ತಮ್ಮನನ್ನು ಕೊಲ್ಲಲು ಹೊರಟನು. ಚಕ್ರವನ್ನು ಆಯುಧಶಾಲೆಯಿಂದ ತರಿಸಲು ಅರ್ಧ ದಿನ ಹಿಡಿಯುವಂತಿದ್ದರೆ ಅಷ್ಟರಲ್ಲಿ ಅವನ ಕೋಪವೇ ಇಳಿದಿರುತ್ತಿತ್ತು. ಚಕ್ರವು ಬಾಹುಬಲಿಯನ್ನು ಪ್ರದಕ್ಷಿಣೆ ಮಾಡಿ ನಿಂತಿತು, ಏಕೆಂದರೆ ಅದು ಸ್ವಕುಲದವರನ್ನು ಕೊಲ್ಲುವುದಿಲ್ಲ. ಪಿಸ್ತೂಲಿಗೆ ಆ ವಿವೇಕವಿಲ್ಲ. ಚಕ್ರವರ್ತಿಯ ಚಕ್ರಕ್ಕಿದ್ದ ವೇಗವನ್ನು ಈ ಪೆಟ್ಟಿಗೆ ಸಾಮಾನ್ಯ ಗೃಹಸ್ಥನಿಗೆ ಒದಗಿಸುತ್ತದೆ. ಚಕ್ರಕ್ಕಿದ್ದ ಬಂಧುಜ್ಞಾನವನ್ನು ಒದಗಿಸುವುದಿಲ್ಲ.

ವೇಗವನ್ನೇ ಗುಣವೆಂದು ಕೊಂಡಾಡುವವರು ಆ ವೇಗವು ನಡೆಯುವ ಹೊತ್ತನ್ನೂ ಯೋಚಿಸಬೇಕು. ನಡುರಾತ್ರಿ, ಅರೆನಿದ್ದೆ, ಕತ್ತಲು. ಬಾಗಿಲಲ್ಲಿ ನಿಂತ ನೆರಳು ಕಳ್ಳನದೋ, ತಡವಾಗಿ ಮನೆಗೆ ಮರಳಿದ ಮಗನದೋ, ನೀರು ಕುಡಿಯಲು ಎದ್ದ ಮುದಿ ತಾಯಿಯದೋ ಎಂದು ನಿರ್ಣಯಿಸಲು ಪೆಟ್ಟಿಗೆ ಕೊಡುವ ಕಾಲ ಎರಡು ಸೆಕೆಂಡು. ಕತ್ತಲಲ್ಲಿ ನೋಡದೆ ಒಂದು ತುತ್ತು ಉಣ್ಣಬಾರದೆಂದ ಧರ್ಮ, ಕತ್ತಲಲ್ಲಿ ನೋಡದೆ ಗುಂಡು ಹಾರಿಸಲು ಒಪ್ಪೀತೆ?

ಜಮಾಖರ್ಚು

ಧರ್ಮದ ಮಾತು ಬೇಡವೆಂದರೆ ಲೆಕ್ಕದ ಮಾತನ್ನೇ ನೋಡಬಹುದು. 2023ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 46,728 ಮಂದಿ. ಅವರಲ್ಲಿ ಸುಮಾರು 27,300 ಮಂದಿ, ಅಂದರೆ ನೂರಕ್ಕೆ 58 ಮಂದಿ, ತಮ್ಮನ್ನು ತಾವೇ ಕೊಂದುಕೊಂಡವರು. ಕಳ್ಳನಿಗಾಗಿ ತಂದ ಆಯುಧವು ಹೆಚ್ಚಾಗಿ ಯಾರ ಕಡೆಗೆ ತಿರುಗುತ್ತದೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಕ್ಯಾಲಿಫೋರ್ನಿಯಾದ ಸುಮಾರು 2.6 ಕೋಟಿ ವಯಸ್ಕರನ್ನು ಕುರಿತು 2020ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನದಲ್ಲಿ, ಪಿಸ್ತೂಲು ಹೊಂದಿದ ಪುರುಷರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಹೊಂದಿಲ್ಲದ ಪುರುಷರದಕ್ಕಿಂತ ಸುಮಾರು ಎಂಟು ಪಟ್ಟು ಹೆಚ್ಚೆಂದೂ, ಸ್ತ್ರೀಯರಲ್ಲಿ ಅದು 35 ಪಟ್ಟು ಹೆಚ್ಚೆಂದೂ ಕಂಡುಬಂದಿತು.

ಇಲ್ಲಿ ಪೆಟ್ಟಿಗೆಯಿಂದ ಏನೂ ಸಹಾಯವಿಲ್ಲ. ಬೆರಳಚ್ಚಿನ ಬೀಗವು ಪರರನ್ನು ತಡೆಯಬಲ್ಲದು; ಒಡೆಯನನ್ನು ತಡೆಯಲಾರದು. ವ್ಯಾಪಾರದಲ್ಲಿ ಸೋತವನು, ಕೆಲಸ ಕಳೆದುಕೊಂಡವನು, ಸಂಗಾತಿಯನ್ನು ಅಗಲಿದವನು ಒಂದು ಕೆಟ್ಟ ರಾತ್ರಿಯನ್ನು ದಾಟಿಬಿಟ್ಟರೆ ಬೆಳಿಗ್ಗೆ ಮನೆಯವರೊಡನೆ, ವೈದ್ಯರೊಡನೆ ಮಾತನಾಡಿ ಉಳಿಯಬಹುದು. ಆ ರಾತ್ರಿ ಅವನಿಗೆ ಬೇಕಾದುದು ವಿಳಂಬ. ಪೆಟ್ಟಿಗೆ ಕೊಡುವುದು ವೇಗ. ಆತ್ಮಘಾತವೂ ಹಿಂಸೆಯೇ, ಸಲ್ಲೇಖನದ ಶಾಂತ ಸಂಕಲ್ಪಕ್ಕೂ ಈ ಕ್ಷಣಿಕ ಕಷಾಯಕ್ಕೂ ಇರುವ ಅಂತರವನ್ನು ಶಾಸ್ತ್ರಕಾರರು ಒತ್ತಿ ಹೇಳಿದ್ದಾರೆ.

‘ನಮ್ಮ ಮಕ್ಕಳಿಗೆ ಅದು ಎಲ್ಲಿದೆಯೆಂದೇ ಗೊತ್ತಿಲ್ಲ’ ಎನ್ನುವ ತಂದೆತಾಯಿಗಳೂ ಇದ್ದಾರೆ. ಅಲಬಾಮ ರಾಜ್ಯದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೀಗೆಂದ ತಂದೆತಾಯಿಗಳ ಮಕ್ಕಳನ್ನೇ ಪ್ರತ್ಯೇಕವಾಗಿ ಕೇಳಲಾಯಿತು. ನೂರಕ್ಕೆ 39 ಪ್ರಸಂಗಗಳಲ್ಲಿ ಮಕ್ಕಳಿಗೆ ಜಾಗ ಗೊತ್ತಿತ್ತು. ಮಗು ಬಂದೂಕನ್ನು ಮುಟ್ಟಿಯೇ ಇಲ್ಲವೆಂದವರಲ್ಲಿ ನೂರಕ್ಕೆ 22 ಮಂದಿಯ ಮಕ್ಕಳು ಮುಟ್ಟಿದ್ದೆವೆಂದರು. ಲಡ್ಡುಗೆಯ ಡಬ್ಬಿ ಎಲ್ಲಿದೆಯೆಂದು ಬಲ್ಲ ಮಗುವಿಗೆ ಅಪ್ಪನ ಗುಪ್ತ ಡಬ್ಬಿ ತಿಳಿಯದೆಂದು ನಂಬುವುದು ವಾತ್ಸಲ್ಯದ ಭ್ರಮೆ.

ನಿಕ್ಷೇಪದ ನಿಯಮ

ಹಾಗಾದರೆ ಮಾಡಬೇಕಾದುದೇನು? ಪಿಸ್ತೂಲು ಇನ್ನೂ ಮನೆಗೆ ಬಂದಿಲ್ಲವಾದರೆ ತರಬಾರದು. ಗಟ್ಟಿಯಾದ ಬಾಗಿಲು, ಒಳ್ಳೆಯ ಅಗುಳಿ, ಹೊರಗಿನ ದೀಪ, ಕಳ್ಳಗಂಟೆ, ಮಲಗುವ ಕೋಣೆಯಲ್ಲಿ ಟೆಲಿಫೋನು, ಇವು ಕಳ್ಳನನ್ನೂ ತಡೆಯುತ್ತವೆ, ಮನೆಯವರನ್ನೂ ಕೊಲ್ಲುವುದಿಲ್ಲ.

ಈಗಾಗಲೇ ಬಂದಿದ್ದರೆ, ತೆಗೆದುಹಾಕುವವರೆಗೆ ಅದನ್ನು ಹೇಗೆ ಇಡಬೇಕೆಂಬ ಪ್ರಶ್ನೆ ನಿಜವಾಗಿಯೂ ಧರ್ಮದ ಪ್ರಶ್ನೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕರ್ಮಾಸ್ರವಕ್ಕೆ ಆಧಾರವಾಗುವ ಅಜೀವ ಅಧಿಕರಣಗಳಲ್ಲಿ ‘ನಿಕ್ಷೇಪ’ವೂ ಒಂದು. ವಸ್ತುವನ್ನು ಇಡುವುದರಲ್ಲಿಯೇ ದೋಷವುಂಟೆಂದು ಅರ್ಥ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ನಾಲ್ಕಾಗಿ ವಿಭಾಗಿಸಿದ್ದಾರೆ: ನೋಡದೆ ಇಡುವ ಅಪ್ರತ್ಯವೇಕ್ಷಿತ, ಸರಿಯಾಗಿ ಶುಚಿಗೊಳಿಸದೆ ಇಡುವ ದುಃಪ್ರಮೃಷ್ಟ, ಅವಸರದಲ್ಲಿ ಇಡುವ ಸಹಸಾ, ಲಕ್ಷ್ಯವಿಲ್ಲದೆ ಎಲ್ಲೆಂದರಲ್ಲಿ ಇಡುವ ಅನಾಭೋಗ. ಗುಂಡು ಒಳಗಿದೆಯೋ ಇಲ್ಲವೋ ನೋಡದೆ ಇಟ್ಟರೆ ಮೊದಲನೆಯದು. ಬ್ಯಾಟರಿಯನ್ನೂ ಬೀಗವನ್ನೂ ವರ್ಷಗಟ್ಟಲೆ ಗಮನಿಸದಿದ್ದರೆ ಅದು ಎರಡನೆಯದಕ್ಕೆ ಸಮ. ಹೊರಗಿನಿಂದ ಬಂದವನು ಡ್ರಾಯರಿಗೆ ತುರುಕಿದರೆ ಮೂರನೆಯದು. ದಿಂಬಿನ ಕೆಳಗೆ, ಬೀರುವಿನ ಮೇಲೆ, ಕಾರಿನೊಳಗೆ ಇಟ್ಟು ಮರೆತರೆ ನಾಲ್ಕನೆಯದು.

ಈ ನಾಲ್ಕನ್ನೂ ನಿವಾರಿಸುವ ಕ್ರಮ ಕಠಿಣವಾದುದಲ್ಲ. ಪಿಸ್ತೂಲಿನಿಂದ ಗುಂಡುಗಳನ್ನು ತೆಗೆದಿರಬೇಕು. ಪಿಸ್ತೂಲನ್ನು ಒಂದು ಕಡೆ, ಗುಂಡುಗಳನ್ನು ಇನ್ನೊಂದು ಕಡೆ, ಬೇರೆ ಬೇರೆ ಬೀಗಗಳಲ್ಲಿ ಇಡಬೇಕು. ಈ ನಾಲ್ಕು ಕ್ರಮಗಳಲ್ಲಿ, ಎಂದರೆ ಬೀಗ, ಗುಂಡು ತೆಗೆದಿಡುವುದು, ಗುಂಡಿಗೂ ಬೀಗ, ಪ್ರತ್ಯೇಕ ಸ್ಥಳ, ಒಂದೊಂದರಿಂದಲೂ ಮಕ್ಕಳ ಹಾಗೂ ಹದಿಹರೆಯದವರ ಅಪಾಯ ಕಡಿಮೆಯಾಗಿರುವುದು 2005ರ ಒಂದು ವೈದ್ಯಕೀಯ ಅಧ್ಯಯನದಲ್ಲಿ ಕಂಡುಬಂದಿದೆ. ಪೆಟ್ಟಿಗೆಯ ತಗಡು ದಪ್ಪವಾಗಿರಬೇಕು. ಅದನ್ನು ನೆಲಕ್ಕೋ ಗೋಡೆಗೋ ಬೋಲ್ಟು ಹಾಕಿ ಬಿಗಿದಿರಬೇಕು, ಇಲ್ಲವಾದರೆ ಕಳ್ಳನು ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗುತ್ತಾನೆ. ಬೆರಳಚ್ಚಿನ ಪೆಟ್ಟಿಗೆಯಾದರೆ ಹಿಂದಕ್ಕೆ ಕರೆಸಿದ ಪಟ್ಟಿಯಲ್ಲಿದೆಯೋ ಎಂದು ವಿಚಾರಿಸಬೇಕು. ಬರಿದಾದ ಪೆಟ್ಟಿಗೆಯನ್ನು ಮನೆಯ ಇತರರ ಬೆರಳುಗಳಿಂದ ಪರೀಕ್ಷಿಸಬೇಕು. ಬದಲಿ ಕೀಲಿಕೈ ಅದೇ ಡ್ರಾಯರಿನಲ್ಲಿರಬಾರದು. ಸ್ಥಳವು ಮಲಗುವ ಕೋಣೆಯಾಗಿರಬಾರದು. ಮನೆಯಲ್ಲಿ ಯಾರಾದರೂ ದುಃಖದಲ್ಲಿ, ಕುಡಿತದಲ್ಲಿ, ಮನೋವ್ಯಾಧಿಯಲ್ಲಿ ಇದ್ದರೆ ಅದು ಮನೆಯಲ್ಲಿಯೇ ಇರಬಾರದು. ಅಮೆರಿಕದ ಹಲವೆಡೆ ಕೆಲವು ಬಂದೂಕಿನ ಅಂಗಡಿಗಳೂ ಪೊಲೀಸ್ ಠಾಣೆಗಳೂ ಅದನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳುತ್ತವೆ.

ಹೀಗೆ ಇಟ್ಟರೆ ಬೇಕಾದಾಗ ಸಿಗುವುದಿಲ್ಲವಲ್ಲ ಎಂದು ಆಕ್ಷೇಪ ಬರುತ್ತದೆ. ಬೇಗ ಸಿಗದಿರಲೆಂದೇ ಹೀಗೆ ಇಡುವುದು. ಬೇಗ ಸಿಗದಿದ್ದರೆ ಇಟ್ಟುಕೊಂಡು ಪ್ರಯೋಜನವೇನು ಎಂದು ಯಾರಾದರೂ ಕೇಳಿದರೆ, ಅವರು ಸರಿಯಾದ ಪ್ರಶ್ನೆಗೆ ಬಂದು ತಲುಪಿದ್ದಾರೆ.

ಮಲೆನಾಡಿನ ಗೋಡೆಯ ಕೋವಿ

ಇದೆಲ್ಲ ದೂರದೇಶದ ಮಾತೆಂದು ಇಲ್ಲಿನವರು ನಿಶ್ಚಿಂತರಾಗುವಂತಿಲ್ಲ. ಕರಾವಳಿ ಮಲೆನಾಡುಗಳ ಅಡಿಕೆ ತೋಟದ ಮನೆಗಳಲ್ಲಿ, ಜೈನ ಮನೆತನಗಳೂ ಸೇರಿದಂತೆ, ಬೆಳೆರಕ್ಷಣೆಯ ಪರವಾನಗಿಯ ಕೋವಿಗಳಿವೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆ ಕಟ್ಟುನಿಟ್ಟಾದುದು. 2016ರ ನಿಯಮಗಳು ಸುರಕ್ಷಿತವಾಗಿ ಇರಿಸುವ ಹೊಣೆಯನ್ನು ಪರವಾನಗಿದಾರನ ಮೇಲೆಯೇ ಹೊರಿಸಿವೆ. ಆದರೂ ಜಗಲಿಯ ಗೋಡೆಯ ಮೊಳೆಗೆ ತೂಗಿದ ಕೋವಿ, ಕೆಳಗಿನ ಮೇಜಿನ ಡ್ರಾಯರಿನಲ್ಲಿ ತೋಟೆ, ಇದು ಅಪರೂಪದ ದೃಶ್ಯವಲ್ಲ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿರಿಸುವ ಕ್ರಮವಿದೆ. ಆ ವಾರಗಳಲ್ಲಿ ತೋಟದವರು ದೂರುವುದು ಹಂದಿ ಮಂಗಗಳ ಹಾವಳಿಯನ್ನೇ ಹೊರತು, ಕೋವಿಯಿಲ್ಲದೆ ರಾತ್ರಿ ನಿದ್ದೆ ಬಾರದೆಂದಲ್ಲ. ಬೆಳೆರಕ್ಷಣೆಯ ಹಿಂಸೆಯ ವಿಚಾರ ಪ್ರತ್ಯೇಕವಾದುದು. ಕೋವಿಗೂ ತೋಟೆಗೂ ಒಂದೊಂದು ಉಕ್ಕಿನ ಕಪಾಟು ಮಾಡಿಸುವುದಕ್ಕೆ ಆ ಚರ್ಚೆ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಟ್ರಸ್ಟುಗಳ ಮೌನ

ಕೊನೆಯದಾಗಿ ಬಸದಿಗಳ ಮತ್ತು ಜೈನ ಕೇಂದ್ರಗಳ ಆಡಳಿತ ನಡೆಸುವವರ ವಿಚಾರ. ದಶಲಕ್ಷಣ ಪರ್ವದಲ್ಲಿ ಕಂದಮೂಲಗಳ ಬಗ್ಗೆ, ರಾತ್ರಿಭೋಜನದ ಬಗ್ಗೆ, ಚರ್ಮದ ಬೆಲ್ಟಿನ ಬಗ್ಗೆ ಉಪನ್ಯಾಸಗಳಾಗುತ್ತವೆ. ಪ್ರಸಾದದ ಅಡುಗೆಯಲ್ಲಿ ಆಲೂಗಡ್ಡೆ ಕಂಡರೆ ಸಭೆ ಸೇರುತ್ತದೆ. ಸದಸ್ಯರ ಮನೆಯ ಡ್ರಾಯರಿನಲ್ಲಿ ತುಂಬಿದ ಪಿಸ್ತೂಲಿದ್ದರೆ ಅದು ಅವರ ಖಾಸಗಿ ವಿಷಯವಂತೆ! ಆಲೂಗಡ್ಡೆ ಖಾಸಗಿಯಲ್ಲದಿದ್ದರೆ ಪಿಸ್ತೂಲು ಹೇಗೆ ಖಾಸಗಿಯಾಯಿತು? ಅನಂತಕಾಯ ಜೀವಗಳಿಗಾಗಿ ಮರುಗುವ ಹೃದಯ ಪಂಚೇಂದ್ರಿಯ ಜೀವಿಯ ವಿಷಯದಲ್ಲಿ ಸಂಕೋಚಪಡುವುದು ದಯೆಯ ಲಕ್ಷಣವಲ್ಲ, ದಾನಿಗಳ ಭಯದ ಲಕ್ಷಣ.

ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಹಿಂಸಾದಾನವೂ ಪ್ರಮಾದಚರ್ಯೆಯೂ ಸೇರಿವೆ. ಆಯುಧವನ್ನು ಪರರಿಗೆ ಕೊಡುವುದು ಹಿಂಸಾದಾನ. ಮಗುವಿನ ಕೈಗೆ ಎಟುಕುವಂತೆ ಇಡುವುದು ಕೊಟ್ಟಂತೆಯೇ ಅಲ್ಲವೆ?

ಟ್ರಸ್ಟುಗಳು ಮಾಡಬೇಕಾದುದು ಹೆಚ್ಚೇನಲ್ಲ. ವರ್ಷಕ್ಕೊಮ್ಮೆ ಒಂದು ಉಪನ್ಯಾಸವನ್ನು ಆದಾನ-ನಿಕ್ಷೇಪಣ ಸಮಿತಿಗೆ ಮೀಸಲಿಡಬೇಕು. ಪಾಠಶಾಲೆಗೆ ಬರುವ ಮಕ್ಕಳ ತಂದೆತಾಯಿಗಳಿಗೆ, ತಮ್ಮ ಮಗು ಆಡಲು ಹೋಗುವ ಮನೆಯಲ್ಲಿ ಬಂದೂಕಿದೆಯೇ, ಇದ್ದರೆ ಹೇಗಿಟ್ಟಿದ್ದಾರೆ ಎಂದು ನಾಚಿಕೆಯಿಲ್ಲದೆ ಕೇಳಲು ಕಲಿಸಬೇಕು. ದುಃಖದಲ್ಲಿರುವ ಸದಸ್ಯನ ಮನೆಗೆ ಹೋಗಿ ಪಿಸ್ತೂಲನ್ನು ಹೊರಗೆ ಸಾಗಿಸಲು ನೆರವಾಗುವ ಇಬ್ಬರು ಹಿರಿಯರನ್ನು ಗೊತ್ತುಮಾಡಬೇಕು. ಇದಕ್ಕೆ ಹಣ ಬೇಕಾಗಿಲ್ಲ, ಪಂಚಕಲ್ಯಾಣದ ಖರ್ಚಿನ ಸಾವಿರದಲ್ಲೊಂದು ಪಾಲೂ ಬೇಕಾಗಿಲ್ಲ.

ಯಾವ ಪೆಟ್ಟಿಗೆ ಬೇಗ ತೆರೆಯುತ್ತದೆಂದು ಮುಂದೆ ಯಾರಾದರೂ ಶ್ರಾವಕರು ಕೇಳಿದಾಗ ಅವರಿಗೆ ಹೇಳಬೇಕಾದ ಉತ್ತರ ಇಷ್ಟೇ: ಬೇಗ ತೆರೆಯದಂಥದು. ಅದರೊಳಗೆ ಏನೂ ಇಲ್ಲದಿದ್ದರೆ ಇನ್ನೂ ಉತ್ತಮ.